ಎರಡು ಗೂಟ, ಒಂದು ಕಂಬಳಿ

ಕಾಗವಾಡ, ತಾಲೂಕು ಅಥಣಿ
ಬುಧವಾರ, ೧೪ ಜುಲೈ ೧೯೯೩

ಪ್ರೀತಿಯ ತಂಗಿ ತುಳಸವ್ವಗ,

ಹೆಂಗ ಅದಿ? ಎಡಗೈ ಮಣಿಕಟ್ಟಿನ ನೋವು ಇಳದೈತೋ ಇಲ್ಲೊ? ಮುಗಳಖೋಡದಾಗ ನಿಮ್ಮಣ್ಣ ಭರಮೂನ ಮನ್ಯಾಗ ನೀರು ಸೇದೂ ಕೆಲಸ ನಿನ್ನ ಪಾಲಿಗೇ ಬಂದಿರತೈತಿ, ಅದಕ್ಕ ಮೊದಲ ಕೈ ಕೇಳಿದೆ. ಕೂಸು ಸತ್ತಿ ಹೆಂಗ ಅದಾಳ? ಆಕಿ ಬಲಗಿವಿ ಸೋರೂದು ನಿಂತೈತಿಲ್ಲೊ? ಒಳಗ ಕಡ್ಡಿ ಹಾಕಬ್ಯಾಡ, ಮೆತ್ತನ್ನ ಅರಬೀಲೆ ಹೊರಗಿಂದಷ್ಟ ಒರಸು. ಅಲ್ಲಿ ನೀರು ಕುದಿಸಿ ಆರಿಸಿ ಕೊಡು. ಮಲಗೂ ಮುಂದ ಆಕಿಗೆ ಒಬ್ಬರ ಕಿವಿ ಹಿಡಕೊಂಡ ಮಲಗೂ ಚಟ ಐತಿ, ನಿನ್ನ ಕಿವಿ ಕೊಡು, ಓಲಿ ತಗದಿಟ್ಟು ಕೊಡು, ಇಲ್ಲಾಂದ್ರ ನಿದ್ದಿಗಣ್ಣಾಗ ಜಗ್ಗತಾಳ. ಇದೆಲ್ಲಾ ಹಡದಾಕಿಗೆ ಗೊತ್ತಿರೂದ ಐತಿ. ಆದ್ರೂ ಬರದ್ರ ನನಗ ಒಂದೀಟು ಸಮಾಧಾನ. ನನ್ನ ತಬ್ಬೇತಿ ಕೇಳಿದ್ರ, ಗುಂಡಕಲ್ಲಿನಂಗ ಅದೇನಿ. ಅಂದ್ರ ಇಟ್ಟಲ್ಲೇ ಕೂತೇನಿ, ಯಾರರ ಎತ್ತಿದ್ರ ಏಳತೇನಿ.

ಒಬ್ಬ ಗಂಡನ ಇಬ್ಬರು ಹೆಂಡರೊಳಗ ಹಿರೇಕಿಯಾದಾಕಿ ಓಡಿ ಹ್ವಾದ ಕಿರೇಕಿಗೆ 'ಹೊಳ್ಳಿ ಬಾ ತಂಗಿ' ಅಂತ ಪತ್ರ ಬರಿಯೂದು ಈ ಭೂಮಂಡಲದ ಇತಿಹಾಸದಾಗ ಮೊದಲನೇ ಸಲ ಇರಬೇಕು. ಪೋಸ್ಟಿಗೆ ಹಾಕಿದ್ರ ಮುಟ್ಟಾಕ ಐದಾರು ದಿನ ಬೇಕು, ಅಷ್ಟು ದಿನ ನನ್ನ ಕಡೆ ಇಲ್ಲ. ಅದಕ್ಕ ಕಂಬಳಿ ಮಾರೂ ಕಾಮಣ್ಣನ ಕೈಯಾಗ ಕೊಟ್ಟ ಕಳಸಾಕತ್ತೇನಿ. ಅವ ಇವತ್ತ ಮಧ್ಯಾಹ್ನದ ಬಸ್ಸಿಗೆ ನಿಮ್ಮೂರ ಕಡೆ ಹೊಂಟಾನ. ಅವ ಓದಾಕ ಬಾರದಾಂವ, ಆದ್ರ ಲಕೋಟಿ ಮೂಸಿ ನೋಡಿ ಒಳಗೇನೈತಿ ಅಂತ ಹೇಳೂ ಪೈಕಿ. ಅದಕ್ಕ ಗೋಂದು ಎರಡ ಸಲ ಹಚ್ಚತೇನಿ.

ನೀ ಹೋಗಿ ಇವತ್ತಿಗೆ ಬರೊಬ್ಬರಿ ಮೂರು ವಾರ. ನೀ ಹ್ವಾದ ಮರುದಿನದಿಂದ ನಮ್ಮನಿಗೆ ಅಭಿನಂದನೆ ಸಲ್ಲಿಸಾಕ ಮಂದಿ ಬರಾಕತ್ತಾರ. ಮಗ್ಗಲ ಮನಿ ತಾರಾಬಾಯಿ ಹೊಸ್ತಿಲದಾಗ ನಿಂತು, "ಏನ್ ಸಾವಿತ್ರಾ, ಸವತಿ ಗಂಟು ಕಟ್ಟಿದ್ಳಂತ, ಪೇಢೆ ಎಲ್ಲದಾವ?" ಅಂದ್ಲು. ನಾ ಒಳಗ ಕರದು ಕುಂಡ್ರಿಸಿ ಚಹಾ ಕೊಟ್ಟೆ. ಚಹಾದಾಗ ಸಕ್ರಿ ಬದಲಿ ಉಪ್ಪ ಬಿದ್ದಿತ್ತು ಅಂತ ಆಮ್ಯಾಲ ನಾ ಕುಡದಾಗ ತಿಳೀತು. ಬೇಕಂತ ಹಾಕಿದ್ದಲ್ಲ, ಈಗ ನನ್ನ ಕೈ ಡಬ್ಬಿ ಗುರ್ತ ಹಿಡಿಯೂದನ್ನ ಬಿಟ್ಟೈತಿ. ಆಕಿ ಮಾತ್ರ ಪೂರಾ ಕುಡದ್ಲು. ಸುದ್ದಿ ಸಿಗೂದಿದ್ರ ಆಕಿ ಏನರ ಕುಡೀತಾಳ. ಎಲ್ಲಾರದ್ದೂ ಒಂದ ಲೆಕ್ಕ: ಸವತಿ ಹ್ವಾದ್ರ ಹೆಂಗಸಿಗೆ ಹಬ್ಬ. ನಾ ಹಬ್ಬದ ಮಾರಿ ಮಾಡಿಕೊಂಡ ಕುಂಡ್ರಬೇಕು. ಮೂರ ವಾರ ಆ ಮಾರಿ ಹೊತ್ತು ನನ್ನ ದವಡಿ ನೋಯಾಕತ್ತಾವ.

ರೊಟ್ಟಿ ಸುದ್ದಿ ಹೇಳತೇನಿ ಕೇಳು. ಎಂಟ ವರ್ಷ ನಾ ಬಡಿಯಾಕಿ, ನೀ ಬೇಯಿಸಾಕಿ. ನನ್ನ ಕೈಯಿಂದ ರೊಟ್ಟಿ ಎದ್ದಿತ್ತಂದ್ರ ನಿನ್ನ ತವಾ ಖಾಲಿ ಇರತಿತ್ತು, ಒಮ್ಮೆನೂ 'ತಗೋ' ಅಂತ ಹೇಳಿದ್ದಿಲ್ಲ. ಈಗ ಬಡಿಯಾಕ ಕುಂತ್ರ ತವಾದಾಗಿಂದು ಸುಡತೈತಿ, ತವಾ ನೋಡಿದ್ರ ಕೈಯಾಗಿಂದು ಹರೀತೈತಿ. ಮೊನ್ನಿ ಬಡದು ಎತ್ತಿ, ಹೊಳ್ಳಿ ನೋಡದ, ನಿನ್ನ ಕಡೆ ಚಾಚಿದೆ. ರೊಟ್ಟಿ ನೆಲದ ಮ್ಯಾಲ ಬಿತ್ತು. ನಾಯಿ ತಿಂತು. ನಾಯಿಗೆ ಮಾತ್ರ ಈ ಮೂರ ವಾರದಾಗ ಮೈ ಬಂದೈತಿ, ನಮ್ಮ ಮನಿ ಏಕಪತ್ನಿ ಮನಿ ಆದದ್ದರ ಲಾಭ ಪೂರಾ ಅದರ ಪಾಲಿಗೆ ಹೋಗೇತಿ.

ಇವರ ವಿಷಯ. ಇವರು ದನದ ದವಾಖಾನಿಗೆ ದಿನಾ ಹೋಗತಾರ, ಬರತಾರ. ಅಟೆಂಡರ್ ಕೆಲಸ ತಪ್ಪಿಸಿಲ್ಲ, ದನದ ಕಾಲ ಹಿಡೀತಾರ, ಸೂಜಿ ಕುದಸತಾರ. ಮನಿಗೆ ಬಂದು ಅರ್ಧ ರೊಟ್ಟಿ ತಿಂತಾರ, ಸುಟ್ಟ ಭಾಗ ಯಾವುದು ಅಂತ ಹುಡುಕಿ ಅದನ್ನೇ ತಿಂತಾರ, ಪ್ರಾಯಶ್ಚಿತ್ತ ಮಾಡಿಕೊಳ್ಳಾರಂಗ. ಆಮ್ಯಾಲ ಹಟ್ಟಿಗೆ ಹೋಗಿ ಇಪ್ಪತ್ತೊಂದು ಕುರಿ ನಡುವ ಮಲಗತಾರ. ನನ್ನ ಜೋಡಿ ಮಾತಿಲ್ಲ. ಜಗಳಿಲ್ಲ, ಮಾತಿಲ್ಲ. ಜಗಳಾದ್ರ ಚಲೋ ಇತ್ತು.

ಇನ್ನ ಶಾಸ್ತ್ರದ ಸುದ್ದಿ. ನಗಬ್ಯಾಡ. ಹ್ವಾದ ವಾರ ಅಂಗಡಿಯಿಂದ ಸಕ್ರಿ ತಂದೆ. ಪೊಟ್ಟಣ ಬಿಚ್ಚಿದ್ರ ಪೇಪರಿನಾಗ ದಪ್ಪ ಅಕ್ಷರದಾಗ 'ಮನುಷ್ಯ ಒಂದೇ ಸಂಗಾತಿಯ ಪ್ರಾಣಿಯೇ?' ಅಂತ ಬರದಿತ್ತು. ಏಳನೇತ್ತೆ ಕಲತಾಕಿ ನಾನು, ಇಷ್ಟ ದಿನ ನನ್ನ ವಿದ್ಯಾಕ್ಕ ತಕ್ಕ ವಿಷಯ ಸಿಕ್ಕಿದ್ದಿಲ್ಲ. ಸಕ್ರಿ ಡಬ್ಬಿಗೆ ಸುರುವಿ, ಒಲಿ ಮುಂದ ಕುಂತು ಓದಿದೆ. ಪಕ್ಷಿಗಳಲ್ಲಿ ನೂರಕ್ಕೆ ತೊಂಬತ್ತು ಜಾತಿ ಜೋಡಿಯಾಗಿ ಬಾಳುತ್ತವಂತೆ, ಗಂಡು ಹೆಣ್ಣು ಇಬ್ಬರೂ ಸೇರಿ ಮರಿಗೆ ಗುಟುಕು ಕೊಡುತ್ತವಂತೆ. ಹಾಲು ಕುಡಿಸುವ ಪ್ರಾಣಿಗಳಲ್ಲಿ ನೂರಕ್ಕೆ ಐದೂ ಹಾಗಿಲ್ಲವಂತೆ, ಯಾಕಂದ್ರ ಹಾಲು ಅವ್ವನ ಕಡೆ ಇರತೈತಿ, ಅಪ್ಪನ ಕೆಲಸ ಅಲ್ಲಿಗೆ ಮುಗೀತು. 'ಇನ್ನು ಮನುಷ್ಯನ ವಿಷಯಕ್ಕೆ ಬಂದರೆ' ಅಂತ ಇತ್ತು ನೋಡು, ಅಲ್ಲಿಗೆ ಪೇಪರ ಹರದಿತ್ತು. ಹಿಂದ ತಿರಿವಿದ್ರ ನಿಪ್ಪಾಣಿ ತಂಬಾಕದ ಧಾರಣಿ.

ನಿನಗ ಗೊತ್ತಿಲ್ಲೇನು ನನ್ನ ಸ್ವಭಾವ. ಅಂಗಡಿಗೆ ಓಡಿದೆ. ಉಳಿದರ್ಧ ಪೇಪರಿನಾಗ ತಾರಾಬಾಯಿಗೆ ಕಡ್ಲಿಹಿಟ್ಟು ಕಟ್ಟಿ ಕೊಟ್ಟೇನಿ ಅಂದ ಅಂಗಡಿಯಾಂವ. ಮನುಷ್ಯ ಜಾತಿಯ ತೀರ್ಪು ತಾರಾಬಾಯಿ ಮನ್ಯಾಗ. ಹೋಗಿ ನೋಡಿದ್ರ ಆಕಿ ಭಜಿ ಕರದು ಅದರ ಮ್ಯಾಲ ಸುರುವ್ಯಾಳ. ಎಣ್ಣಿ ಕುಡದು ಪೇಪರ ಕನ್ನಡಿಯಂಗ ಆಗಿತ್ತು, ಈ ಕಡೆದ್ದೂ ಆ ಕಡೆದ್ದೂ ಅಕ್ಷರ ಒಂದರ ಮ್ಯಾಲೊಂದು. ಭಜಿ ಸರಿಸಿ ಸರಿಸಿ ಓದಿದೆ. 'ಜೋಡಿಯಾಗಿ ಬಾಳುವವರ ಆಯುಷ್ಯ', 'ಮನಸ್ಸಿನ ನೆಮ್ಮದಿ', 'ಹಿಂದಿನ ಕಾಲದ ಬಹುತೇಕ ಸಮಾಜಗಳಲ್ಲಿ ಒಬ್ಬನಿಗೆ ಹಲವರು', ಇಷ್ಟು ಸಿಕ್ಕಿತು. ಕಡೀಕ ಒಂದ ಸಾಲು ಪೂರಾ ಇತ್ತು: 'ಆದ್ದರಿಂದ ಮಗುವಿನ ದೃಷ್ಟಿಯಿಂದ ಇಬ್ಬರು ಸಾಕು.' ತಾರಾಬಾಯಿ "ಏನ್ ಓದಾಕತ್ತಿ, ಭಜಿ ತಿನ್ನು" ಅಂದ್ಲು. ತಿಂದೆ. ಇಬ್ಬರು ಸಾಕಂತ ತುಳಸಾ. ನಾವು ಮೂವರ ಅದೇವಿ. ಹೆಚ್ಚಿನಾಕಿ ಯಾರು ಅಂತ ಮಾತ್ರ ಪೇಪರಿನಾಂವ ಬರದಿಲ್ಲ.

ಸಂಜೀಕ ಇವರ ಮುಂದ ಅದನ್ನ ಹೇಳಿದೆ, ನಗತಾರೇನೋ ಅಂತ. ಇವರು ದವಾಖಾನಿ ದಾಕ್ತರ್ ಸಾಹೇಬ್ರು ಹೇಳಿದ್ದನ್ನ ಮೊದಲ ಎಷ್ಟ ಚಂದ ಮಾಡಿ ಹೇಳತಿದ್ರಲ್ಲ, ನೆನಪೈತಿಲ್ಲೊ. ಛಾವಣಿ ಮ್ಯಾಲಿನ ಪಾರಿವಾಳ ಒಂದಕ್ಕ ಒಂದು, ನಮ್ಮ ಟಗರಿಗೆ ಇಪ್ಪತ್ತು, ಎಮ್ಮಿಗಂತೂ ಈಗ ಕ್ವಾಣದ ಮಾರಿನೂ ನೋಡೂದಿಲ್ಲ, ಸರಕಾರ ಅದರ ಗಂಡನ್ನ ಥರ್ಮಾಸಿನಾಗ ಥಂಡ ಮಾಡಿ ಕಡ್ಡ್ಯಾಗ ತುಂಬಿ ಕಳಸತೈತಿ ಅಂತ. ನೀ ಅವತ್ತ ನಕ್ಕು ನಕ್ಕು ಹಿಟ್ಟಿನ ಪರಾತದಾಗ ಬಿದ್ದಿದ್ದಿ. "ಅಕ್ಕಾ, ನಮಗೂ ಹಂಗ ಕಳಸಿದ್ರ ಎಷ್ಟ ಅರಬಿ ಒಗಿಯೂದು ಉಳೀತಿತ್ತು" ಅಂದಿದ್ದಿ. ಈ ಸಲ ಇವರು ನಗಲಿಲ್ಲ. ಎದ್ದು ಹಟ್ಟಿಗೆ ಹ್ವಾದ್ರು.

ನಾ ನಿನ್ನ ಹುಡುಕಿ ತಂದಾಕಿ, ಅದನ್ನ ಮರೀಬ್ಯಾಡ. ಹತ್ತು ವರ್ಷ ನನ್ನ ಹೊಟ್ಟಿ ಖಾಲಿ ಇದ್ದದ್ದು ನೋಡಿ ಅತ್ತಿ ಸತ್ತೆವ್ವ 'ಮಗನಿಗೆ ಇನ್ನೊಬ್ಬಾಕಿ' ಅಂತ ಹಟ ಹಿಡದಾಗ, ತರೂದಾದ್ರ ನಾನ ತರತೇನಿ ಅಂದೆ. ಕುರಿ ಸಂತಿಗೆ ಹೋದಂಗ ಹೊಂಟೆ, ಹಲ್ಲು ನೋಡಿ ತರೂಣಂತ. ನಿಮ್ಮನ್ಯಾಗ ನೀ ಒಂದ ಪ್ರಶ್ನಿ ಕೇಳಿದಿ: "ನೀವು ಹೊಡಿಯಾಕಿ ಏನ್ರಿ?" ನಾ "ಗಂಡನ್ನಷ್ಟ" ಅಂದೆ. ನೀ ಸೆರಗ ಬಾಯಿಗೆ ಹಿಡದ ನಕ್ಕಿ. ಅಷ್ಟಕ್ಕ ಆರಿಸಿದೆ. ಅಪ್ಪ ಇಲ್ಲದ ಹುಡುಗಿ, ಅಣ್ಣ ಕೂಲಿ ಮಾಡಾಂವ, ಬ್ಯಾಡ ಅನ್ನೂ ತಾಕತ್ತು ನಿನಗಿತ್ತೋ ಇಲ್ಲೊ ಅಂತ ನಾ ಅವತ್ತ ಕೇಳಲಿಲ್ಲ. ಈ ಮೂರ ವಾರದಾಗ ಅದನ್ನ ಭಾಳ ಸಲ ನನಗ ನಾನ ಕೇಳೇನಿ. ಸರಕಾರಿ ನೌಕರಿಯಾಂವ ಎರಡನೇ ಲಗ್ನ ಮಾಡಿಕೊಂಡ್ರ ಪಗಾರ ಹೋಗತೈತಿ ಅಂತ ನಿಮ್ಮೂರ ಗುಡ್ಯಾಗ ವಾಲಗ ಇಲ್ಲದ ಅಕ್ಕಿಕಾಳ ಹಾಕಿದ್ವಿ. ರೇಶನ್ ಕಾರ್ಡಿನಾಗ ನಿನ್ನ 'ಹೆಂಡತಿಯ ತಂಗಿ' ಅಂತ ಬರಸಿದ್ವಿ. ಸರಕಾರ ನಮ್ಮನ್ನ ಅಕ್ಕ ತಂಗಿ ಮಾಡ್ತು. ಮೊದಲ ವರ್ಷ ಅದು ರೇಶನ್ ಕಾರ್ಡಿನಾಗಷ್ಟ ಇತ್ತು.

ಯಾಕಂದ್ರ ನಾನೇನು ದೇವತಿ ಅಲ್ಲ. ಪಡಸಾಲಿ ಗ್ವಾಡಿಗೆ ಎರಡ ಗೂಟ. ಬಲಕಿಂದು ನನ್ನ ಕೋಣಿ ಕಡೆ, ಎಡಕಿಂದು ನಿನ್ನ ಕೋಣಿ ಕಡೆ. ಅತ್ತಿಯ ಕಾಯ್ದೆ ನಿನಗ ಗೊತ್ತ ಐತಿ: ಸಂಜೀಕ ಇವರ ಕಂಬಳಿ ಯಾವ ಗೂಟಕ್ಕ ತೂಗತೈತೋ ಅವತ್ತ ಆ ಕೋಣಿ ಪಾಳಿ, ಬಾಯಿ ಬಿಟ್ಟು ಯಾರೂ ಏನೂ ಕೇಳೂದಿಲ್ಲ, ಮರ್ಯಾದಿ ಉಳೀತೈತಿ. ಕಂಬಳಿ ಎಡಕ್ಕ ತೂಗಿದ ಸಂಜಿ ನಾ ಹಿತ್ತಲದಾಗ ಪಾತ್ರಿ ತಿಕ್ಕತಿದ್ದೆ. ಆ ವರ್ಷ ನಮ್ಮನಿ ಪಾತ್ರಿಯಷ್ಟು ಬೆಳ್ಳಗ ಪಾತ್ರಿ ಕಾಗವಾಡದಾಗ ಇದ್ದಿದ್ದಿಲ್ಲ. ಒಂದ ತಂಬಗಿಗೆ ತಳ ತೂತ ಬಿತ್ತು. ಅತ್ತಿ ಅದನ್ನ ಎತ್ತಿ ಬೆಳಕಿಗೆ ಹಿಡದು ನೋಡಿದ್ಲು.

ಆಮ್ಯಾಲ ಅತ್ತಿ ಹ್ವಾದ್ಲು, ಆಕಿ ಹೆಸರಿಟಗೊಂಡು ಸತ್ತಿ ಬಂದ್ಲು. ಸತ್ತಿ ಬಂದ ಮ್ಯಾಲ ಗೂಟದ ಕಾಯ್ದೆ ಉಲ್ಟಾ ಆತು. ಯಾರ ಕೋಣಿಗೆ ಕಂಬಳಿ ಬರತೈತೋ ಆಕಿಗೆ ಕೂಸು ಸಿಗೂದಿಲ್ಲ. ನೀ ಕಂಬಳಿ ತಗದು ನನ್ನ ಗೂಟಕ್ಕ ಹಾಕಾಕಿ, ನಾ ನೋಡಿದಾಕಿನ ತಗದು ನಿನ್ನ ಗೂಟಕ್ಕ ಹಾಕಾಕಿ. ಇವರು ಬಂದು ನೋಡಿದ್ರ ಕಂಬಳಿ ಗ್ವಾಡಿ ಮ್ಯಾಲ ಆ ಕಡೆ ಈ ಕಡೆ ಹಾರಾಕತ್ತಿರತಿತ್ತು. ಒಂದ ದಿವಸ ನಡುವ ನಿಂತು, "ನಾ ಯಾರಿಗರ ಬೇಕಾಗೇನೋ ಇಲ್ಲೊ?" ಅಂತ ಕೇಳಿದ್ರು. ನೀ "ಅಕ್ಕನ್ನ ಕೇಳ್ರಿ" ಅಂದಿ. ನಾ "ತಂಗೀನ ಕೇಳ್ರಿ" ಅಂದೆ. ಆರೋಗ್ಯ ಖಾತೆಯವರು ಗ್ವಾಡಿಗೆ 'ನಾವಿಬ್ಬರು ನಮಗಿಬ್ಬರು' ಅಂತ ಬರದ್ರ ನೀ ಮನಿಯೊಳಗಿಂದ "ನಾವು ಮೂವರು ನಮಗೊಬ್ಬಾಕಿ" ಅಂತ ಓದತಿದ್ದಿ. ಅದ್ರಾಗ ಯಾರ ಹೊಟ್ಟಿಗೆ ಬೆಂಕಿ ಬಿದ್ದಿತ್ತು ಹೇಳು.

ಪೇಪರಿನಾಂವ ಒಂದ ಸಂಗತಿ ತಪ್ಪಿಸ್ಯಾನ ಅಂತ ನನ್ನ ವಿಚಾರ. ಅವ ಗಂಡು ಹೆಣ್ಣಿನ ಲೆಕ್ಕ ಅಷ್ಟ ಹಾಕ್ಯಾನ. ಕುರಿ ಮನ್ಯಾಗ ಹುಟ್ಟಿ ಕುರಿ ಮನಿಗೆ ಬಂದಾಕಿ ನಾನು, ನನಗ ಕೇಳಿದ್ರ ಹೇಳತಿದ್ದೆ. ಕುರಿಗೆ ಟಗರು ಯಾವುದಾದ್ರೂ ನಡೀತೈತಿ. ಮರಿ ಮಾತ್ರ ತನ್ನದ ಬೇಕು. ನೂರು ಮರಿ ಒದರಿದ್ರೂ ಮೂಸಿ ತನ್ನದೊಂದನ್ನ ಹಿಡೀತೈತಿ, ಬ್ಯಾರೆದ್ದು ಬಂದ್ರ ಒದೀತೈತಿ. ಏಕನಿಷ್ಠೆ ಅನ್ನೂದು ಅಲ್ಲಿ ಐತಿ. ತಬ್ಬಲಿ ಮರಿಗೆ ಬ್ಯಾರೆ ಕುರಿ ಹಾಲು ಬೇಕಂದ್ರ ನಾವು ಏನ್ ಮಾಡತೇವಿ? ಆ ಕುರಿಯ ಸತ್ತ ಮರಿ ಚರ್ಮ ಈ ತಬ್ಬಲಿಗೆ ಹೊದಿಸಿ ಬಿಡತೇವಿ. ವಾಸನಿಗೆ ಮೋಸಹೋಗಿ ಕುಡಿಸತೈತಿ. ಸತ್ತಿ ಹುಟ್ಟಿದಾಗ ನಿನಗ ಬಾಣಂತಿ ಜ್ವರ ಬಂದು ಎರಡ ತಿಂಗಳ ಎದ್ದಿದ್ದಿಲ್ಲ, ಎದಿಗೆ ಹಾಲಿಲ್ಲ. ಆಡಿನ ಹಾಲು ಬಾಟ್ಲ್ಯಾಗ ಹಾಕಿ ಕೊಟ್ರ ಕೂಸು ನನ್ನ ತೊಡಿ ಮ್ಯಾಲ ಮಾರಿ ತಿರಿವಿ ಚೀರತಿತ್ತು. ಆಗ ನಾ ನಿನ್ನ ಬೆವರಿನ ಹಸರ ಸೀರಿ ಉಟಗೊಂಡ ಕುಂತೆ. ಕೂಸು ಮೂಸಿ ನೋಡಿ ಬಾಟ್ಲಿ ಬಾಯಾಗ ಹಿಡೀತು. ಎರಡ ತಿಂಗಳ ಆ ಸೀರಿ ಒಗೀಲಿಲ್ಲ. ತಾರಾಬಾಯಿ ಮೂಗು ಮುಚಗೊಂಡ್ರ ಮುಚಗೋಲಿ. ನೀ ಹಾಸಿಗಿಯಾಗಿಂದ ನೋಡಿ, "ಅಕ್ಕಾ, ನನ್ನಂಗ ಕಾಣತಿ" ಅಂದಿ. ಅದರಷ್ಟು ದೊಡ್ಡ ಮಾತು ನನಗ ಯಾರೂ ಅಂದಿಲ್ಲ.

ಈಗ ಸಾಲಿ ಸುದ್ದಿ. ಬರೀಬಾರದಂತ ಇಲ್ಲಿತನಕ ತಿರಗ್ಯಾಡಿ ಬಂದೆ. ಈ ಜೂನ್ ತಿಂಗಳದಾಗ ಹೊಸಾ ಹೆಡ್ ಮಾಸ್ತರ್ ಬಂದಾನ, ಅಪ್ಪನ ಹೆಸರ ಜೋಡಿ ಅವ್ವನ ಹೆಸರೂ ಬರೀಬೇಕು ಅಂದಾನ. ನಿನಗ ಅವತ್ತ ಮಣಿಕಟ್ಟು ನೋವು, ನಾ ಸತ್ತೀನ ಕರಕೊಂಡ ಹೋಗಿ ಹೆಸರ ಹಚ್ಚಿ ಬಂದೆ. ಎಂಟ ದಿನಕ್ಕ ಸತ್ತಿ ಸಾಲಿಯಿಂದ ಬಂದು, ನಾ ಬಡಿಯಾಕತ್ತಾಗ, ನೀ ಬೇಯಿಸಾಕತ್ತಾಗ, ಇವರು ಹೊಸ್ತಿಲದಾಗ ಕಾಲ ತೊಳಕೊಳ್ಳಾಕತ್ತಾಗ, ಕೈ ಕಟ್ಟಿ ನಿಂತು ಪಾಠ ಒಪ್ಪಿಸಿದ್ಲು: "ನನ್ನ ಹೆಸರು ಸತ್ತೆವ್ವ. ತಂದೆ ಹೆಸರು ಹಾಲಸಿದ್ದ. ತಾಯಿ ಹೆಸರು ಸಾವಿತ್ರೆವ್ವ." ನೀ ತವಾ ಮ್ಯಾಲಿನ ರೊಟ್ಟಿ ತಿರಿವಿದಿ. ಉಳಿದ ಆರು ರೊಟ್ಟಿ ಬೇಯಿಸಿದಿ. ಒಂದೂ ಸುಡಲಿಲ್ಲ. ಕೈ ತೊಳಕೊಂಡು ಇವರ ಕಡೆ ನೋಡಿ, "ನೌಕರಿ ಸಲುವಾಗಿ ನನ್ನ ಲಗ್ನ ಮುಚ್ಚಿದ್ರಿ, ಒಪ್ಪಿದೆ. ಹಡದದ್ದನ್ನೂ ಮುಚ್ಚಿದ್ರೇನು?" ಅಂದಿ. ಇವರು ತಲಿ ಕೆಳಗ ಹಾಕಿ ಕುಂತ್ರು. ಗಂಡಸು ಜಾತಿ, ನೌಕರಿ ಅಂಜಿಕಿ, ಏನ್ ಮಾಡಾಕ ಬರತೈತಿ. ಮರುದಿನ ಮುಂಜಾನಿ ಎಂಟರ ಬಸ್ಸಿಗೆ ನೀ ಸತ್ತೀನ ಎತಗೊಂಡ ಹ್ವಾದಿ. ಆಕಿ ಕಿಡಕ್ಯಾಗಿಂದ ನನಗ "ದೊಡ್ಡವ್ವಾ, ನೀ ಯಾವಾಗ ಬರತಿ?" ಅಂದ್ಲು. ಸಾಲ್ಯಾಗ ಏನರ ಬರದಿರಲಿ, ಕೂಸು ನನ್ನನ್ನ ಅವ್ವಾ ಅಂತ ಯಾವತ್ತೂ ಕರದಿಲ್ಲ, ತುಳಸಾ. ನಾನೂ ಕಲಿಸಿಲ್ಲ. ಅದೊಂದನ್ನ ನಂಬು.

ಮೊನ್ನಿ ರವಿವಾರ ನಿಮ್ಮಣ್ಣ ಭರಮು ಬಂದು ನಿನ್ನ ನಿರೋಪ ಹೇಳಿದ. "ಒಂದ ಮನ್ಯಾಗ ಒಬ್ಬಾಕಿ. ಇಬ್ಬರಾಗ ಯಾರು ಅಂತ ಅವರ ತೀರ್ಮಾನ ಮಾಡ್ಲಿ. ಸೋಮವಾರದೊಳಗ ತಿಳಸದಿದ್ರ ಸತ್ತೀನ ಇಲ್ಲೇ ಸಾಲಿಗೆ ಹಚ್ಚತೇನಿ ಅಂದಾಳ." ಪಾಪ, ಚಹಾ ಸೈತ ಮುಟ್ಟಲಿಲ್ಲ. ಉಪ್ಪಿನ ಸುದ್ದಿ ಅವನ ಕಿವಿಗೂ ಬಿದ್ದಿರಬೇಕು. ಇವರು ಅವನ ಮುಂದನೂ ಕುರಿ ಎಣಿಸಿಕೋತ ಕುಂತ್ರು.

ಅವರು ತೀರ್ಮಾನ ಮಾಡೂದಿಲ್ಲ, ಆದ ಕಾರಣ ಕೆಳಗೆ ಸಹಿ ಮಾಡುವ ನಾನೇ ಪಂಚಾಯ್ತಿ ಕೂಡಿಸಿದೆ. ಪಂಚರು: ನಾನು, ನಾಯಿ, ಎರಡು ಗೂಟ. ವಾದ ಹಿಂಗ. ಕಾಯ್ದೆ ಪ್ರಕಾರ ಹೆಂಡತಿ ನಾನು. ಕೂಸಿನ ಪ್ರಕಾರ ಹೆಂಡತಿ ನೀನು. ಪೇಪರಿನ ಪ್ರಕಾರ ಇಬ್ಬರು ಸಾಕು. ಹಂಗಾದ್ರ ಹೆಚ್ಚಿನಾಕಿ ನಾನು. ಇಷ್ಟ ಸರಳ ಲೆಕ್ಕಕ್ಕ ಮೂರ ವಾರ ಬೇಕಾತು ನನಗ. ತೀರ್ಪು ಹೇಳೂ ಮುಂದ ಒಂದ ಅಡಚಣಿ ಬಂತು. ಹೋಗೂದಂದ್ರ ಎಲ್ಲಿಗೆ? ತವರೂರು ಅಂಕಲ್ಯಾಗ ನಮ್ಮ ಅವ್ವ ಅಪ್ಪ ಇಲ್ಲ, ತಮ್ಮನ ಹೆಂಡತಿ ನನ್ನ ನೋಡಿದ್ರ ಡಬ್ಬಿ ಮುಚ್ಚಳ ಗಟ್ಟಿ ಮಾಡತಾಳ. ನಲವತ್ತಕ್ಕ ಹತ್ತಿರ ಬಂದಾಕಿನ್ನ ಯಾವ ಹಟ್ಟ್ಯಾಗ ಬಿಡೂದು?

ಅದಕ್ಕ ನಾ ಕೇಳೂದು ಇಷ್ಟ. ನೀ ಬಾ. ಒಂದ ಮನ್ಯಾಗ ಒಬ್ಬಾಕಿ ಅಂದಿ, ಮನ್ಯಾಗ ನೀ ಒಬ್ಬಾಕಿನ ಇರು. ನಾ ಹಟ್ಟಿ ಮಗ್ಗಲ ಆ ಕಟಗಿ ಇಡೂ ತಗಡಿನ ಖೋಲಿ ಸಾಫ ಮಾಡಿಕೊಂಡೇನಿ, ಸುಣ್ಣಾ ಬಳದೇನಿ, ಸ್ವತಃ ಹೋಗಿ ನೋಡಿದ್ರ ಅರಮನಿ, ತಲಿ ಮಾತ್ರ ಬಗ್ಗಿಸಬೇಕು. ನನ್ನ ಗೂಟ ಕಿತ್ತು ಒಗದೇನಿ. ಗ್ವಾಡ್ಯಾಗ ತೂತ ಕಾಣತೈತಿ, ಅದಕ್ಕ ಮಣ್ಣ ಮೆತ್ತತೇನಿ. ನಿನ್ನ ಗೂಟ ಒಂದ ಇರಲಿ. ನಾ ಕುರಿ ಕಾಯತೇನಿ, ಕೂಳು ಹೊರಗ ಇಡು. ಬದಲಿ ನನಗ ಬೇಕಾದ್ದು ಏನಂದ್ರ, ಮುಂಜಾನಿ ಸತ್ತಿ ಪಾಟಿ ಚೀಲಾ ತಗೊಂಡು ಸಾಲಿಗೆ ಹೋಗೂ ಹಾದಿ ಆ ಖೋಲಿ ಬಾಗಲ ಮುಂದಿಂದ ಹಾದು ಹೋಗತೈತಿ. ಅಷ್ಟ. ಆಕಿ ನಿಂದ್ರಬೇಕಂತ ಇಲ್ಲ. ಹಾದ ಹ್ವಾದ್ರ ಸಾಕು.

ಇದನ್ನ ಓದಿ ನಗತಿ ಅಂತ ಬರದೇನಿ. ನಗದಿದ್ರ ಏನ್ ಮಾಡಲಿ ಅಂತ ನನಗ ತಿಳೀವಲ್ದು.

ನಿಮ್ಮಣ್ಣಗ ನಮಸ್ಕಾರ ಹೇಳು, ಚಹಾಕ್ಕ ಬರಬಹುದು, ಡಬ್ಬಿಗೆ ಚೀಟಿ ಅಂಟಿಸೇನಿ ಅಂತ ಹೇಳು. ನಿನ್ನ ಕೈ ಜೋಪಾನ. ಸತ್ತೀಗೆ ನನ್ನ ಹೆಸರಲೆ ಎರಡೂ ಗಲ್ಲಕ್ಕ ಒಂದೊಂದು, ಬಲಗಿವಿಗೆ ಮೆಲ್ಲಕ ಒಂದು. ನೀವಿಬ್ಬರೂ ನೂರು ವರ್ಷ ಬಾಳ್ರಿ, ನನ್ನ ಕಣ್ಣ ಮುಂದ ಬಾಳಿದ್ರ ಇನ್ನೂ ಚಲೋ.

ನಿನ್ನ ಅಕ್ಕ (ರೇಶನ್ ಕಾರ್ಡ್ ಪ್ರಕಾರವೂ),
ಸಾವಿತ್ರೆವ್ವ

ತಾ.ಕ. — ಕಾಮಣ್ಣ ಬಸ್ಸಿನ ಹೊತ್ತಾತು ಅಂತ ಬಾಗಲದಾಗ ನಿಂತು ಕೆಮ್ಮಾಕತ್ತಾನ. ಎರಡ ಸಲ ಗೋಂದು ಹಚ್ಚಿದ ಲಕೋಟಿ ಹರದು ಹೊಳ್ಳಿ ತಗದೇನಿ. ಮ್ಯಾಲೆ ಇಷ್ಟುದ್ದ ಬರದದ್ರಾಗ ಒಂದ ಸುಳ್ಳ ಐತಿ. ನೌಕರಿ ಅಂಜಿಕೀಲೆ ಇವರು ಹಂಗ ಬರಸಿದ್ರು ಅನ್ನೂವಂಗ ಬರದೇನಿ. ಇವರು ಬರಸಿಲ್ಲ. ಹೆಸರ ಹಚ್ಚಾಕ ಹೋಗೂ ಹಿಂದಿನ ದಿನ ಇವರು ನನಗ, "ತುಳಸಾನ ಹೆಸರ ಬರಸು. ನೌಕರಿ ಹ್ವಾದ್ರ ಕುರಿ ಅದಾವ, ಕೂಸಿಗೆ ಸುಳ್ಳ ಬ್ಯಾಡ" ಅಂದಿದ್ರು. ನಾ ಹೂಂ ಅಂದು ಹೋಗಿದ್ದೆ. ಮಾಸ್ತರ್ "ತಾಯಿ ಹೆಸರ್ರಿ?" ಅಂದ. ಸತ್ತಿ ನನ್ನ ಬೆರಳ ಹಿಡಕೊಂಡ ನಿಂತಿದ್ಲು. ನನ್ನ ಬಾಯಾಗಿಂದ ನನ್ನ ಹೆಸರ ಬಂತು. ತಪ್ಪಿ ಬಂದದ್ದಲ್ಲ ತುಳಸಾ, ಬೇಕಂತ ಹೇಳಿದೆ. ಒಂದ ಪುಸ್ತಕದಾಗ, ಯಾರೂ ತಗದು ನೋಡದ ಒಂದ ಪುಸ್ತಕದಾಗ ಇರಲಿ ಅನಸ್ತು. ಅದನ್ನ ಕೂಸಿಗೆ ಪಾಠ ಮಾಡಿ ಕಲಸತಾನಂತ ನನಗೇನ್ ಗೊತ್ತು. ಸತ್ತಿ ಒಪ್ಪಿಸಿದಾಗ ಇವರು ನನ್ನ ಕಡೆ ಒಮ್ಮೆ ನೋಡಿದ್ರು. ನಾ ರೊಟ್ಟಿ ಬಡದೆ. ಇವರು ನನ್ನ ಹೆಸರ ಹೇಳದ ತಲಿ ಕೆಳಗ ಹಾಕಿದ್ರು, ನೀ ಅದನ್ನ ಒಪ್ಪಿಗಿ ಅಂತ ತಿಳದಿ, ನಾ ತಿಳಕೊಳ್ಳಾಕ ಬಿಟ್ಟೆ. ಖರೇ ಹೇಳಿದ್ರ ನೀವಿಬ್ಬರೂ ಒಂದಾಗತೀರಿ, ನಾ ಹೊರಗ ಉಳೀತೇನಿ ಅಂತ ಅಂಜಿದೆ. ಅಂದು ನಿನ್ನ ಸೀರಿ ಉಟ್ಟದ್ದು ಕೂಸಿನ ಹಸಿವಿಗೆ. ಇದು ನನ್ನ ಹಸಿವಿಗೆ.

ನಿನ್ನಿ ಸಾಲಿಗೆ ಹೋಗಿ ತಿದ್ದಿಸೇನಿ. ಇವರೂ ಬಂದಿದ್ರು. ಮಾಸ್ತರ್ "ಇದು ಮ್ಯಾಲಿನವರಿಗೆ ತಿಳದ್ರ ನಿಮ್ಮ ನೌಕರಿ ಹೋಗತೈತ್ರಿ" ಅಂದ. ಇವರು ಸಹಿ ಮಾಡಿದ್ರು. ತಾಯಿ ಕಾಲಮ್ಮಿನಾಗ ಕೆಂಪ ಶಾಯೀಲೆ ನಿನ್ನ ಹೆಸರ ಐತಿ. ಮಾಸ್ತರ್ ನನ್ನ ನೋಡಿ, "ಹಂಗಾರ ನೀವು ಕೂಸಿಗೆ ಏನಾಗಬೇಕ್ರಿ?" ಅಂದ. ಕಾಮಣ್ಣ ಕೈ ಚಾಚ್ಯಾನ. ಸೋಮವಾರದೊಳಗ ಬಾ, ಬರದಿದ್ರೂ ಸತ್ತೀಗೆ ಹೊಸಾ ಪಾಠ ಕಲಸು: ನನ್ನ ಹೆಸರು ಸತ್ತೆವ್ವ, ತಂದೆ ಹೆಸರು ಹಾಲಸಿದ್ದ, ತಾಯಿ ಹೆಸರು ತುಳಸವ್ವ. ಅಲ್ಲಿಗೆ ನಿಲ್ಲಸು. ಆಮ್ಯಾಲ ಇನ್ನೊಂದ ಹೆಸರ ಐತಿ ಅಂತ ಆಕಿ ತಾನ ಅಂದ್ರ, ಬಾಯಿ ಮುಚ್ಚಸಬ್ಯಾಡ.